ಪೆಟ್ಟಿಗೆಯಲ್ಲಿ ಮಲಗಿಸೋಕೆ ಪೆನ್ ಯಾಕ್ರೀ ಬೇಕು?

ಇವತ್ತು ಮಧ್ಯಾಹ್ನ ವಕೀಲರ ಸಂಘದ ಕೋಣೆಯಲ್ಲಿ ಹಿರಿಯರೊಬ್ಬರು, ಮಗಳು ಅಮೆರಿಕದಿಂದ ತಂದುಕೊಟ್ಟ ಫೌಂಟನ್ ಪೆನ್ನನ್ನು ಎಲ್ಲರಿಗೂ ತೋರಿಸ್ತಿದ್ರು. ಮಿರಮಿರ ಮಿಂಚೋ ಕಪ್ಪು ಪೆಟ್ಟಿಗೆ, ಒಳಗೆ ಬಿಳಿ ಮೆತ್ತೆ, ಮೆತ್ತೆ ಮೇಲೆ ಚಿನ್ನದ ಉಂಗುರ ತೊಟ್ಟ ಪೆನ್ನು. ಕೈ ಚಾಚಿದವರಿಗೆಲ್ಲ "ಹುಷಾರಪ್ಪಾ, ಬೆರಳಿನ ಗುರುತು ಬೀಳತ್ತೆ" ಅಂತ ಎಚ್ಚರಿಕೆ. ಅಷ್ಟರಲ್ಲಿ ಅವರ ಕಕ್ಷಿದಾರ ವಕಾಲತ್ತು ಹಿಡ್ಕೊಂಡು ಬಂದ. ಸಾಹೇಬ್ರು ಪೆಟ್ಟಿಗೆ ಮುಚ್ಚಿ ಬ್ಯಾಗಿಗೆ ಸೇರಿಸಿ, ನನ್ನ ಕಡೆ ತಿರುಗಿ "ಒಂದು ಬಾಲ್‌ಪೆನ್ ಇದ್ರೆ ಕೊಡು ಮಾರಾಯ" ಅಂದ್ರು.

ಕೊಟ್ಟೆ. ಹಿರಿಯರು, ಇಲ್ಲ ಅನ್ನೋಕಾಗಲ್ಲ. ಆದರೆ ಆಗಿಂದ ಮೈ ಉರೀತಾ ಇದೆ, ಅದಕ್ಕೇ ಈ ಪುರಾಣ.

ನಾನು ಎಂಥ ಜುಗ್ಗ ಅಂತ ಇಲ್ಲಿರೋ ಹೆಚ್ಚಿನವರಿಗೆ ಗೊತ್ತು. ಅಂಥ ನಾನು ಒಂದು ಸಾಧಾರಣ ಸ್ಮಾರ್ಟ್‌ಫೋನಿನಷ್ಟು ದುಡ್ಡು ಸುರಿದು ಪೆನ್ ತಗೊಂಡಿದ್ದೀನಿ. ಲಾಮಿ 2000 ಅನ್ನೋ ಫೌಂಟನ್ ಪೆನ್ನು. ಅದು ದಿನಾ ಜೇಬಿನಲ್ಲಿರತ್ತೆ. ಪಾಟೀಸವಾಲಿನ ಟಿಪ್ಪಣಿ, ಕೇಸ್ ಡೈರಿ, ಗುಮಾಸ್ತರಿಗೆ ಚೀಟಿ, ಮನೆಯ ದಿನಸಿ ಪಟ್ಟಿ, ಎಲ್ಲದಕ್ಕೂ ಅದೇ.

ಇದನ್ನ ನೋಡಿದವರು ಯಾರೂ "ಓಹೋ" ಅಂದಿಲ್ಲ. "ಏನ್ ಸಾರ್, ಇನ್ನೂ ಹೀರೋ ಪೆನ್ ಇಟ್ಕೊಂಡಿದ್ದೀರಾ?" ಅಂತಾರೆ. ಅವರ ತಪ್ಪಲ್ಲ. ನಾವು ಸ್ಕೂಲಿನಲ್ಲಿ ಇಟ್ಕೊಂಡಿದ್ದ ಹೀರೋ ಪೆನ್ನಿನ ಹಾಗೇ ಇದರ ನಿಬ್ಬೂ ಮುಸುಕು ಹಾಕಿಕೊಂಡು, ತುದಿ ಮಾತ್ರ ಇಣುಕಿಸಿ ಕೂತಿರತ್ತೆ. ಅದು 14 ಕ್ಯಾರಟ್ ಚಿನ್ನ, ಆದರೆ ಮೇಲೆ ಪ್ಲಾಟಿನಂ ಬಳಿದಿರೋದರಿಂದ ಸ್ಟೀಲಿನ ಹಾಗೆ ಕಾಣತ್ತೆ. ಮೈಯೆಲ್ಲ ಮ್ಯಾಕ್ರೊಲಾನ್ ಅನ್ನೋ, ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕು. ಹೊಳಪಿಲ್ಲ, ಉಂಗುರವಿಲ್ಲ, ಹೂಬಳ್ಳಿ ಇಲ್ಲ. ಹಿಂದಿನ ತುದಿ ತಿರುಗಿಸಿ ಇಂಕು ತುಂಬಿಸಬೇಕು. ತಿರುಗೋ ಭಾಗ ಎಲ್ಲಿ ಶುರುವಾಗತ್ತೆ ಅಂತ ಕಣ್ಣಿಗೆ ಕಾಣಲ್ಲ, ಉಗುರಿಟ್ಟು ಹುಡುಕಿದರೂ ಸಂದು ಸಿಗೋದು ಕಷ್ಟ. ದುಡ್ಡು ಹೋಗಿರೋದು ಅಲ್ಲಿಗೆ.

ಇದನ್ನ ವಿನ್ಯಾಸ ಮಾಡಿದ ಗೆರ್ಡ್ ಮ್ಯೂಲರ್ ಅದಕ್ಕೂ ಮುಂಚೆ ಬ್ರೌನ್ ಕಂಪನಿಗೆ ಅಡುಗೆಮನೆ ಯಂತ್ರ, ಶೇವರ್ ಮಾಡಿಕೊಟ್ಟವನು. ಹಿಟ್ಟು ಕಲಸೋ ಯಂತ್ರ ಮಾಡಿದವನಿಗೆ ಉಪಯೋಗ ಅಂದ್ರೆ ಏನು ಅಂತ ಗೊತ್ತಿರತ್ತೆ. 1966ರಲ್ಲಿ ಬಂದ ಪೆನ್ನು, ಅದೇ ರೂಪದಲ್ಲಿ ಇವತ್ತಿಗೂ ತಯಾರಾಗ್ತಿದೆ. ಜರ್ಮನಿಯ ಹೈಡೆಲ್‌ಬರ್ಗಿನ ಲಾಮಿ ಕಂಪನಿಯನ್ನ 2024ರಲ್ಲಿ ಜಪಾನಿನ ಮಿತ್ಸುಬಿಷಿ ಪೆನ್ಸಿಲ್‌ನವರು ಕೊಂಡುಕೊಂಡರು. ಕಾರಿನವರಲ್ಲ, ಯೂನಿಬಾಲ್ ಪೆನ್ನಿನವರು.

ಕೋರ್ಟಿನಲ್ಲಿ ಇದರ ಉಪಯೋಗ ಹೇಳ್ತೀನಿ ಕೇಳಿ. ಪ್ರಶ್ನೆ ಕೇಳಿದ ಮೇಲೆ ಸಾಕ್ಷಿ ಛಾವಣಿ ನೋಡ್ತಾ ನಿಲ್ತಾನೆ. ಜಡ್ಜ್ ಸಾಹೇಬ್ರು ಹೇಳಿದ್ದನ್ನ ಟೈಪಿಸ್ಟ್ ಹೊಡೀಬೇಕು. ಅಷ್ಟು ಹೊತ್ತು ಪೆನ್ನು ತೆರೆದೇ ಇರತ್ತೆ. ನಿಬ್ಬಿಗೆ ಮುಸುಕು ಇರೋದರಿಂದ ಇಂಕು ಬೇಗ ಒಣಗಲ್ಲ, ಇಟ್ಟ ಕಡೆ ಬರೆಯತ್ತೆ. ಕ್ಯಾಪು ತಿರುಪಿನದಲ್ಲ, ಎಳೆದರೆ ಬಂತು, ಒತ್ತಿದರೆ ಟಕ್ ಅಂತ ಕೂತಿತು. ಮುಂದಿನ ತಾರೀಖು ಕೂಗಿದಾಗ ಮೂರು ಸುತ್ತು ತಿರುಪು ಬಿಚ್ಚುತ್ತಾ ಕೂತರೆ ತಾರೀಖು ಕೇಳ್ಕೊಂಡ ಹಾಗೇ! ಇನ್ನು ಬಾಲ್‌ಪೆನ್ನಿನ ಹಾಗೆ ಒತ್ತಿ ಬರೆಯೋದು ಬೇಡ, ಕಾಗದಕ್ಕೆ ಸೋಕಿಸಿದರೆ ಸಾಕು. ಸಂಜೆ ಹೊತ್ತಿಗೆ ಹೆಬ್ಬೆರಳ ಬುಡ ನೋಯೋದು ನಿಂತಿದೆ. ಈ ನೋವು ಬರೆಯೋರಿಗಷ್ಟೇ ಗೊತ್ತು, ಪೆಟ್ಟಿಗೆ ತೋರಿಸೋರಿಗಲ್ಲ.

"ಹತ್ತು ರೂಪಾಯಿ ಪೆನ್ನೂ ಬರೆಯತ್ತಲ್ಲ?" ಅಂತ ಒಬ್ಬರು ಕಮೆಂಟ್ ಮಾಡೇ ಮಾಡ್ತೀರ. ಬರೆಯತ್ತೆ. ಕಾರ್ಬನ್ ಇಟ್ಟು ಬರೆಯೋ ರಸೀದಿ ಪುಸ್ತಕಕ್ಕೆ ಅದೇ ಆಗಬೇಕು, ಒಪ್ಪಿದೆ. ಆದರೆ ಈ ಮಾತು ಹೇಳೋರು ಹತ್ತು ರೂಪಾಯಿ ಚಪ್ಪಲಿ ಹಾಕ್ಕೊಂಡು ಓಡಾಡೋದನ್ನ ನಾನು ಕಂಡಿಲ್ಲ. "ಕಳೆದುಹೋದರೆ?" ಅನ್ನೋರದು ಇನ್ನೊಂದು ಗೋಳು. ಕಳೆದರೆ ಕಳೀತು. ಲಾಕರಿನಲ್ಲಿ ಭದ್ರವಾಗಿದ್ದು ಒಂದು ಅಕ್ಷರವನ್ನೂ ಬರೆಯದ ಪೆನ್ನು ನಿಮ್ಮ ಪಾಲಿಗೆ ಇದ್ದೂ ಏನು ಬಂತು?

ಪೂರ್ತಿ ಸಂತ ಅಂದ್ಕೋಬೇಡಿ ನನ್ನನ್ನ. ಯಾರೂ ಗುರುತಿಸಲ್ಲ ಅಂತ ಹೆಮ್ಮೆಯಿಂದ ಹೇಳ್ಕೋತೀನಿ ನಿಜ, ಆದರೆ ಯಾರಾದರೂ ಒಬ್ಬರು "ಅದು ಲಾಮಿ ಅಲ್ವಾ ಸಾರ್?" ಅಂತ ಕೇಳಲಿ ಅಂತ ಒಳಗೊಳಗೇ ಕಾಯ್ತಾ ಇರ್ತೀನಿ. ಜೇಬಿನಲ್ಲಿ ಕ್ಲಿಪ್ಪು ಸ್ವಲ್ಪ ಕಾಣೋ ಹಾಗೇ ಸಿಕ್ಕಿಸೋದು. ಹೆಂಡತಿಗೆ ಇದು ಗೊತ್ತು. ಬೆಲೆ ಮಾತ್ರ ಗೊತ್ತಿಲ್ಲ, ದಯವಿಟ್ಟು ಯಾರೂ ಅವಳನ್ನ ಟ್ಯಾಗ್ ಮಾಡಬೇಡಿ.

ದೂರು ಇಲ್ಲ ಅಂತಲ್ಲ. ಕ್ಯಾಪು ಹಿಡಿದುಕೊಳ್ಳೋಕೆ ಅಂತ ಹಿಡಿಯ ಮೇಲೆ ಎರಡು ಪುಟ್ಟ ಲೋಹದ ಕಿವಿಗಳಿವೆ, ಕೆಲವರ ಬೆರಳಿಗೆ ಅವು ತಾಗ್ತವೆ. ನಿಬ್ಬನ್ನ ಸ್ವಲ್ಪ ಓರೆ ಮಾಡಿ ಹಿಡಿದರೆ ಮುನಿಸಿಕೊಳ್ಳತ್ತೆ. ಇಂಕು ಧಾರಾಳವಾಗಿ ಬಿಡತ್ತೆ, ಅಗ್ಗದ ನೋಟ್‌ಬುಕ್ಕಿನಲ್ಲಿ ಹಿಂದಿನ ಪುಟಕ್ಕೂ ಇಳಿಯತ್ತೆ.

ಹಾಗಾಗಿ ತಗೊಳ್ಳೋರಿಗೆ ಒಂದು ಮಾತು. ನಿಬ್ ಎಕ್ಸ್‌ಟ್ರಾ ಫೈನ್, ಅಂದ್ರೆ ತೀರಾ ಸಣ್ಣ ಗೆರೆಯದು, ಇರಲಿ. ಇದರ ಫೈನ್ ಅನ್ನೋದೇ ದಪ್ಪ ಬರೆಯತ್ತೆ. ಮೀಡಿಯಂನಲ್ಲಿ "ರಾಷ್ಟ್ರ" ಅಂತ ಬರೆದು ನೋಡಿ, ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಮಸಿ ಮುದ್ದೆ ಆಗ್ತವೆ. "ಧ"ದ ಹೊಟ್ಟೆಯಲ್ಲಿ ಜಾಗವೇ ಉಳಿಯಲ್ಲ. ಬರೀ ಇಂಗ್ಲಿಷ್ ಬರೆಯೋರು ಯಾವುದಾದರೂ ತಗೊಳ್ಳಿ, ನನಗೇನಂತೆ.