ಬೇಟೆಗೆ ಹೊರಟ ಬಸಳೆ ಬೆಳೆಗಾರ

ಜಿಂಕೆಗೂ ನನಗೂ ಜಗಳ ಶುರುವಾಗಿದ್ದು ಬಸಳೆಯಿಂದ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಸಳೆ ಬೆಳೆಯುವುದು ಸುಲಭದ ಮಾತಲ್ಲ. ಮೇ ಮುಗಿಯುವ ತನಕ ಮಣ್ಣಿಗೆ ಬಿಸಿ ಹತ್ತುವುದಿಲ್ಲ. ಅಕ್ಟೋಬರ್ ಬಂತೆಂದರೆ ಬಳ್ಳಿ ಸುಟ್ಟ ಹಾಗೆ ಕಪ್ಪಾಗಿ ಬಿದ್ದುಬಿಡುತ್ತದೆ. ನಡುವಿನ ನಾಲ್ಕು ತಿಂಗಳಲ್ಲಿ ಚಪ್ಪರ ಹಾಕಿ, ಬಳ್ಳಿ ಹಬ್ಬಿಸಿ, ನಾಳೆ ಹುಳಿ ಮಾಡೋಣ ಎಂದು ಹೆಂಡತಿಗೆ ಹೇಳಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಚಪ್ಪರ ಇದೆ, ದಂಟು ಇದೆ, ಎಲೆ ಇಲ್ಲ. ಮಣ್ಣಲ್ಲಿ ಗೊರಸಿನ ಗುರುತು. ದಂಟಿನ ತುದಿ ನಾರುನಾರಾಗಿ ಹರಿದಿತ್ತು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಹಾಗಾಗಿ ಅದು ಕತ್ತರಿಸುವುದಿಲ್ಲ, ಹಿಡಿದು ಜಗ್ಗುತ್ತದೆ. ಮೊಲ ತಿಂದಿದ್ದರೆ ಚಾಕುವಿನಲ್ಲಿ ಕೊಯ್ದ ಹಾಗಿರುತ್ತಿತ್ತು. ಇಷ್ಟೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡಿದ್ದು. ಶತ್ರುವಿನ ಹಲ್ಲನ್ನೂ ಎಣಿಸುವಷ್ಟು ಸಿಟ್ಟು ಬಂದಿತ್ತು.

ಸಾಗರಕ್ಕೆ ಫೋನ್ ಮಾಡಿ ಅಪ್ಪಯ್ಯನ ಹತ್ತಿರ ದುಃಖ ತೋಡಿಕೊಂಡೆ. ಅವರು ಇಡೀ ಜೀವಮಾನ ತೋಟಕ್ಕೆ ಬರುವ ಮಂಗಗಳ ಜೊತೆ ಹೋರಾಡಿದವರು. "ಇಲ್ಲಿ ಮಂಗ, ಅಲ್ಲಿ ಜಿಂಕೆ. ಅಷ್ಟು ದೂರ ಹೋಗಿ ನೀನು ಎಂತ ಸಾಧಿಸಿದ ಹಾಗಾಯ್ತು?" ಅಂದರು. ಕೊನೆಗೆ ಮೆಣಸಿನ ಪುಡಿ ಎರಚಲು ಹೇಳಿದರು. ಎರಚಿದೆ. ಆದರೆ ಮನೆಯಲ್ಲಿದ್ದದ್ದು ಬ್ಯಾಡಗಿ. ಬಣ್ಣವೇ ಜಾಸ್ತಿ, ಖಾರ ಕಡಿಮೆ. ಮತ್ತೆ ಚಿಗುರಿದ್ದ ಎಲೆಗಳೂ ಎರಡು ದಿನದಲ್ಲಿ ಖಾಲಿ. ಸುಮ್ನೆ ತಿನ್ನುತ್ತಿದ್ದ ಸೊಪ್ಪಿಗೆ ನಾನೇ ಮಸಾಲೆ ಹಾಕಿಕೊಟ್ಟ ಹಾಗಾಗಿತ್ತು.

ಈ ಕಥೆಯನ್ನು ಪಕ್ಕದ ಮನೆಯ ಅಜ್ಜನಿಗೆ ಹೇಳಿದೆ. ಎಪ್ಪತ್ತು ದಾಟಿದ ಗಟ್ಟಿ ಮನುಷ್ಯ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನವೆಂಬರ್‌ನಲ್ಲಿ ನನ್ನ ಜೊತೆ ಬಾ, ಲೆಕ್ಕ ಚುಕ್ತಾ ಮಾಡೋಣ" ಅಂದ.

ನವೆಂಬರ್ ಅಂದರೆ ಇಲ್ಲಿ ಬೇಟೆಯ ಹಬ್ಬ. ನವೆಂಬರ್ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಮುಂದಿನ ಭಾನುವಾರದ ತನಕ, ಒಟ್ಟು 9 ದಿನ ಬಂದೂಕಿನ ಸೀಸನ್. 5 ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತೆಗೆದುಕೊಂಡು ಕಾಡಿಗೆ ನುಗ್ಗುತ್ತಾರೆ. ಆಫೀಸಿನಲ್ಲಿ ಯಾರಿಗಾದರೂ ಫೋನ್ ಮಾಡಿದರೆ ಎತ್ತುವುದಿಲ್ಲ, ಯಾಕೆ ಅಂತ ಯಾರೂ ಕೇಳುವುದೂ ಇಲ್ಲ. ನಮ್ಮ ಕಡೆ ಅಡಿಕೆ ಕೊಯ್ಲಿನ ಸಮಯದಲ್ಲಿ ಮದುವೆ ಇಟ್ಟವನನ್ನು ಹೇಗೆ ನೋಡುತ್ತಾರೋ, ಇಲ್ಲಿ ಆ ವಾರ ಮೀಟಿಂಗ್ ಇಟ್ಟವನನ್ನು ಹಾಗೆ ನೋಡುತ್ತಾರೆ. ನಮ್ಮೂರಲ್ಲಿ ಜಿಂಕೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜೈಲು. ಇಲ್ಲಿ ಹೊಡೆದವನ ಫೋಟೋ ಫ್ರಿಜ್ ಮೇಲೆ.

ನಾನು ಬಂದೂಕು ಮುಟ್ಟುವುದಿಲ್ಲ, ಸುಮ್ಮನೆ ಕೂತು ನೋಡುತ್ತೇನೆ ಅಂತ ಮೊದಲೇ ಹೇಳಿದ್ದೆ. ಆದರೆ ಬಾಯಿ ಸುಮ್ಮನಿರಬೇಕಲ್ಲ? "ನಮ್ಮಜ್ಜನ ಹತ್ತಿರವೂ ಕೋವಿ ಇತ್ತು" ಅಂದುಬಿಟ್ಟೆ. ಇದ್ದದ್ದು ನಿಜ. ತೋಟ ಕಾಯುವ ಕೇಪಿನ ಕೋವಿ. ನನಗೆ ತಿಳಿದ ಹಾಗೆ ಅದರಿಂದ ಹಾರಿದ್ದು ಒಂದೇ ಒಂದು ಈಡು. ಮಂಗನಿಗೆ ಅಂತ ಹೊಡೆದದ್ದು ಬಚ್ಚಲ ಹಂಡೆಗೆ ಬಿದ್ದಿತ್ತು. ಈ ಎರಡನೇ ಭಾಗವನ್ನು ನಾನು ಹೇಳಲಿಲ್ಲ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ರಾಮ ಜಿಂಕೆ ಹಿಂದೆ ಹೋಗಿದ್ದು ಸೀತೆ ಕೇಳಿದ್ದಕ್ಕೆ. ನಾನು ಕೇಳಿಲ್ಲ. ನೆನಪಿರಲಿ."

ಥ್ಯಾಂಕ್ಸ್‌ಗಿವಿಂಗ್ ದಿನವೇ ಹೋಗುವುದೆಂದು ನಿಶ್ಚಯವಾಯಿತು. ಬೆಳಿಗ್ಗೆ ಬೇಟೆ, ಮಧ್ಯಾಹ್ನ ಅಜ್ಜನ ಮನೆಯಲ್ಲಿ ಊಟ. ಹಿಂದಿನ ರಾತ್ರಿ ಹಿಮ ಬಿರುಗಾಳಿ. ಕಿಟಕಿಯ ಹೊರಗೆ ಯಾರೋ ಹಿಟ್ಟಿನ ಮೂಟೆ ಕೊಡವುತ್ತಿದ್ದ ಹಾಗೆ. ಒಳ್ಳೆಯದಾಯಿತು, ಇನ್ನು ಹೋಗುವ ಪ್ರಶ್ನೆಯಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಅಜ್ಜನ ಫೋನ್. ಧ್ವನಿಯಲ್ಲಿ ಹದಿನೆಂಟರ ಹುರುಪು. ಬಿರುಗಾಳಿಯಲ್ಲಿ ಜಿಂಕೆಗಳು ಸೀಡರ್ ಮರಗಳ ಕೆಳಗೆ ಮುದುಡಿ ಮಲಗಿರುತ್ತವಂತೆ. ಗಾಳಿ ನಿಂತ ಕೂಡಲೇ ಹಸಿದು ಹೊರಗೆ ಬರುತ್ತವಂತೆ. ಹೊಸ ಹಿಮದ ಮೇಲೆ ಹೆಜ್ಜೆಯೂ ಸ್ಪಷ್ಟವಂತೆ. "ಐದು ಗಂಟೆಗೆ ಹೊರಡೋಣ. ಸೆಂಟು ಬೇಡ, ವಾಸನೆ ಸೋಪು ಬೇಡ. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು" ಅಂದ.

ನಾಲ್ಕು ಗಂಟೆಗೆ ಎದ್ದು ಸಲಿಕೆ ಹಿಡಿದೆ. ಅಜ್ಜನ ಟ್ರಕ್ಕು ಬಂದು ನಿಲ್ಲಲು ಮನೆ ಮುಂದೆ ಜಾಗ ಬೇಕಲ್ಲ. ಮುಕ್ಕಾಲು ಗಂಟೆ ಬೆವರು ಸುರಿಸಿ ಗ್ಯಾರೇಜಿನಿಂದ ರಸ್ತೆಯ ತನಕ ಹಿಮ ಎತ್ತಿ ಹಾಕಿದೆ. ಸೊಂಟ ನೆಟ್ಟಗೆ ಮಾಡಿ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಆಗ ಹಳದಿ ದೀಪ ತಿರುಗಿಸುತ್ತಾ ಹಿಮ ಗುಡಿಸುವ ಲಾರಿ ಬಂತು. ರಸ್ತೆಯ ಹಿಮವನ್ನೆಲ್ಲ ನೀಟಾಗಿ ತಂದು ನನ್ನ ಬಾಗಿಲಿಗೆ ಒಡ್ಡು ಕಟ್ಟಿ ಹೋಯಿತು. ಡ್ರೈವರ್ ಕೈ ಬೀಸಿದ. ನಾನೂ ಬೀಸಿದೆ. ಹಬ್ಬದ ದಿನ, ಏನು ಮಾಡುವುದು?

ಅಜ್ಜ ನನಗೊಂದು ಕಿತ್ತಳೆ ಅಂಗಿ, ಕಿತ್ತಳೆ ಟೋಪಿ ತಂದಿದ್ದ. ಬೇಟೆಗಾರರ ಸೊಂಟದ ಮೇಲಿನ ಬಟ್ಟೆಯಲ್ಲಿ ಕನಿಷ್ಠ ಅರ್ಧ ಭಾಗ ಈ ಕಣ್ಣು ಕುಕ್ಕುವ ಬಣ್ಣದಲ್ಲಿರಬೇಕು ಎಂದು ಇಲ್ಲಿ ಕಾನೂನು. 2016ರಿಂದ ಗುಲಾಬಿಯೂ ನಡೆಯುತ್ತದೆ. ಜಿಂಕೆಗೆ ಈ ಕಿತ್ತಳೆ ನಮಗೆ ಕಂಡಂತೆ ಕಾಣುವುದಿಲ್ಲ, ಮನುಷ್ಯರಿಗೆ ಮೈಲಿಯಿಂದ ಕಾಣುತ್ತದೆ. ಒಬ್ಬರನ್ನೊಬ್ಬರು ಹೊಡೆಯದಿರಲಿ ಅಂತ ಈ ಏರ್ಪಾಡು. ನಾನು ಐದು ಪದರ ಬಟ್ಟೆ, ಅದರ ಮೇಲೆ ನನ್ನ ಹಳೇ ದಪ್ಪ ಜಾಕೆಟ್, ಅದರ ಮೇಲೆ ಈ ಕಿತ್ತಳೆ ಅಂಗಿ ಹಾಕಿಕೊಂಡೆ. ಕೈ ಎರಡೂ ದೇಹದಿಂದ ದೂರ ನಿಂತವು.

ಅಜ್ಜನ ತಮ್ಮನ ಜಮೀನು ನಾವಿರುವ ಮ್ಯಾಡಿಸನ್‌ನಿಂದ ಮುಕ್ಕಾಲು ಗಂಟೆ. ಹಿಮದಲ್ಲಿ ಒಂದು ಗಂಟೆ ಹಿಡಿಯಿತು. ಟ್ರಕ್ಕಿನಲ್ಲಿ ಅಜ್ಜ ಎರಡು ಲೋಟ ಕಾಫಿ ಕೊಟ್ಟ. ನಾನು ಮರ್ಯಾದೆಗೆ ಕುಡಿದೆ. ಇಡೀ ದಿನದ ದೊಡ್ಡ ತಪ್ಪು ಅದೇ ಅಂತ ಆಗ ಗೊತ್ತಿರಲಿಲ್ಲ.

ಜೋಳ ಕೊಯ್ದ ಹೊಲ ದಾಟಿ ಕಾಡಿನ ಅಂಚಿಗೆ ನಡೆಯಬೇಕು. ಮೊಣಕಾಲಿನ ತನಕ ಹಿಮ. ಅಜ್ಜ ಬಾತುಕೋಳಿ ತೇಲಿದ ಹಾಗೆ ಹೋದ. ನಾನು ಮೂರನೇ ಹೆಜ್ಜೆಗೆ ಕಾಲೆತ್ತಿದೆ, ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಒಂಟಿ ಕಾಲಲ್ಲಿ ಕೊಕ್ಕರೆ ಹಾಗೆ ನಿಂತು ಬೂಟು ಹುಡುಕಿದೆ. ಆಮೇಲೆ ಎರಡು ಕಾಲಲ್ಲೂ ನಿಲ್ಲಲಾಗದೆ ಬಿದ್ದೆ. ಏಳು ಪದರ ಇದ್ದದ್ದರಿಂದ ನೋವೇನೂ ಆಗಲಿಲ್ಲ. ಎದ್ದೇಳಲೂ ಆಗಲಿಲ್ಲ. ಅಜ್ಜ ವಾಪಸ್ ಬಂದು ಎತ್ತಿದ.

ಮರಕ್ಕೆ ಏಣಿ ಒರಗಿಸಿ, ಮೇಲೆ ಇಬ್ಬರು ಕೂರುವ ಸೀಟು ಕಟ್ಟಿದ್ದರು. ನೋಡಿ ಖುಷಿಯಾಯಿತು. ಇದು ನಮ್ಮ ಮಲೆನಾಡಿನ ಮರಸು ಅಲ್ವಾ! ಅಲ್ಲಿ ಹಲಸೋ ಮಾವೋ, ಇಲ್ಲಿ ಓಕ್, ಅಷ್ಟೇ ವ್ಯತ್ಯಾಸ. ಅಜ್ಜ ಹಾರ್ನೆಸ್ ಬಿಗಿದು ನನ್ನನ್ನು ಮರಕ್ಕೆ ಕಟ್ಟಿದ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹೊಡೆಯಲು ಅನುಮತಿ ಇದೆಯಂತೆ. ಗಡಿಯಾರ ನೋಡಿಕೊಂಡು ಕೂತೆವು.

ಆ ಮೊದಲ ಹದಿನೈದು ನಿಮಿಷ ಮಾತ್ರ ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಹಿಮ ಎಲ್ಲಾ ಶಬ್ದವನ್ನೂ ನುಂಗಿತ್ತು. ನೀಲಿ ಬೆಳಕು ನಿಧಾನವಾಗಿ ಬಿಳಿಯಾಯಿತು. ಎಲ್ಲೋ ಒಂದು ಮರಕುಟಿಗ. ಆಮೇಲೆ ತಲೆ ಮೇಲಿನ ಕೊಂಬೆ ತನ್ನ ಹಿಮವನ್ನೆಲ್ಲ ನನ್ನ ಕಾಲರಿನೊಳಗೆ ಸುರಿಯಿತು. ಕೂಗುವಂತಿಲ್ಲ. ಬೆನ್ನಲ್ಲಿ ಅದು ಒಂದೊಂದೇ ಪದರ ದಾಟಿ ಸೊಂಟದ ತನಕ ಇಳಿಯುವುದನ್ನು ಮೌನವಾಗಿ ಅನುಭವಿಸಿದೆ.

ಅಷ್ಟರಲ್ಲಿ ಅಜ್ಜ ಮೊಣಕೈಯಿಂದ ತಿವಿದ. ಸೀಡರ್ ಪೊದೆಯಿಂದ ಒಂದು ಹೆಣ್ಣು ಜಿಂಕೆ ಹೊರಬಂದಿತ್ತು. ನಮ್ಮ ಚುಕ್ಕಿ ಜಿಂಕೆಯ ಹಾಗಲ್ಲ, ಮೈಯಿಡೀ ಬೂದು ಕಂದು. ಎರಡು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ. ಅಜ್ಜ ಬಂದೂಕು ಎತ್ತಿದ. ಆಗ ನನ್ನ ಬೆನ್ನ ಕಡೆಯಿಂದ ಸಣ್ಣಗೆ ಗಾಳಿ ತಿರುಗಿತು. ಜಿಂಕೆ ಮೂಗೆತ್ತಿತು. ನೇರ ನಮ್ಮನ್ನೇ ನೋಡಿತು. ಮುಂಗಾಲಿನಿಂದ ನೆಲ ಕುಟ್ಟಿತು. ಕುಕ್ಕರ್ ವೆಯ್ಟ್ ಎತ್ತಿದ ಹಾಗೆ ಮೂಗಿನಿಂದ 'ಫುಸ್' ಅಂತ ಒಂದು ಸದ್ದು. ಬಾಲ ಎತ್ತಿ ಬಿಳಿ ಬಾವುಟ ಬೀಸುತ್ತಾ ಮಾಯವಾಯಿತು.

ಅಜ್ಜ ಬಂದೂಕು ಇಳಿಸಿದ. ನಿಧಾನವಾಗಿ ನನ್ನ ಕಡೆ ವಾಲಿ ಜಾಕೆಟ್ಟನ್ನು ಮೂಸಿದ.

"ಇದು ಏನು ವಾಸನೆ?"

ನಾನೂ ಮೂಸಿದೆ. ಇಂಗು. ಆ ಜಾಕೆಟ್ ಎಂಟು ವರ್ಷದಿಂದ ಅಡುಗೆಮನೆ ಪಕ್ಕದ ಗೂಟದಲ್ಲಿ ನೇತಾಡುತ್ತಿದೆ. ಎಂಟು ಚಳಿಗಾಲ ಕಿಟಕಿ ಮುಚ್ಚಿ ಹಾಕಿದ ಅಷ್ಟೂ ಒಗ್ಗರಣೆ ಅದರ ಹತ್ತಿಯೊಳಗೆ ಭದ್ರವಾಗಿತ್ತು. ನಾನು ಸೆಂಟು ಬಿಟ್ಟಿದ್ದೆ, ಸೋಪು ಬಿಟ್ಟಿದ್ದೆ. ಸಾರು ಬಿಟ್ಟಿರಲಿಲ್ಲ.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನ್ ನಡುಗಿತು. ಅಮ್ಮನ ವಿಡಿಯೋ ಕಾಲ್. ಇಲ್ಲಿ ಬೆಳಿಗ್ಗೆ ಏಳು, ಸಾಗರದಲ್ಲಿ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು. ಕಟ್ ಮಾಡಲು ಹೋಗಿ ಕೈಗವಸಿನಲ್ಲಿ ಎತ್ತಿಬಿಟ್ಟೆ. ಅಮ್ಮ ನೋಡಿದ್ದು ಏನು? ಮಗ ಮೈತುಂಬ ಕಾವಿ ಸುತ್ತಿಕೊಂಡು, ಮರದ ಮೇಲೆ, ಹಿಮಾಲಯದಂಥ ಜಾಗದಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಬಿಳಿ ಗಡ್ಡದ ಇನ್ನೊಬ್ಬರು, ಅವರದ್ದೂ ಕಾವಿ.

"ಅಯ್ಯೋ, ಎಂತ ಆಯ್ತೋ ನಿಂಗೆ! ಮನೆಯಲ್ಲಿ ಜಗಳ ಆಯ್ತಾ?"

ಅದನ್ನು ಬಗೆಹರಿಸುವಷ್ಟರಲ್ಲಿ ಕಾಫಿ ತನ್ನ ಕೆಲಸ ಶುರು ಮಾಡಿತು. ಅಜ್ಜ ಒಂದು ಖಾಲಿ ಬಾಟಲಿ ಚಾಚಿದ. ಇಬ್ಬರು ಕೂರುವ ಸೀಟಿನಲ್ಲಿ ಅದೆಲ್ಲ ನನ್ನಿಂದಾಗುವ ಕೆಲಸವಲ್ಲ. ಹಾರ್ನೆಸ್ ಬಿಚ್ಚಿ ಏಣಿ ಇಳಿದೆ. ಸ್ವಲ್ಪ ದೂರ ಹೋಗಿ ಮರದ ಹಿಂದೆ ನಿಂತು ಪದರ ಬಿಚ್ಚತೊಡಗಿದೆ. ಬೆರಳು ಮರಗಟ್ಟಿತ್ತು. ನಾಲ್ಕನೇ ಪದರದ ಜಿಪ್ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. ಹೇಗೋ ಜಯಿಸಿ, ದೇವರೇ ಅಂತ ಉಸಿರು ಬಿಟ್ಟು ತಲೆ ಎತ್ತಿದೆ.

ಎದುರಿಗೆ ಹದಿನೈದು ಹೆಜ್ಜೆ ದೂರದಲ್ಲಿ ಗಂಡು ಜಿಂಕೆ. ತಲೆ ಮೇಲೆ ಒಣಗಿದ ಮರದಂಥ ಕೊಂಬು. ಗಾಳಿ ಈ ಸಲ ಅದರ ಕಡೆಯಿಂದ ನನ್ನ ಕಡೆಗಿತ್ತು, ಹಾಗಾಗಿ ಇಂಗಿನ ಸುಳಿವು ಅದಕ್ಕಿಲ್ಲ. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ಶುರುವಾದ ಕೆಲಸ ನಿಲ್ಲಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಸಳೆ ಕಳ್ಳ ಇವನೇ ಅಂತ ನನಗೆ ಖಚಿತವಾಗಿ ಅನ್ನಿಸಿತು, ಸಾಕ್ಷಿ ಏನೂ ಇಲ್ಲ. ಅದು ಮಾತ್ರ ನನ್ನ ಕೆಲಸ ಮುಗಿಯುವ ತನಕ ಪೂರ್ತಿ ನೋಡಿ, ಆಮೇಲೆ ಯಾವ ಅವಸರವೂ ಇಲ್ಲದೆ ನಡೆದು ಹೋಯಿತು.

ಮೇಲೆ ಅಜ್ಜ ಬಂದೂಕು ತೊಡೆ ಮೇಲಿಟ್ಟುಕೊಂಡು ಆಕಾಶ ನೋಡುತ್ತಿದ್ದ. ನಲವತ್ತು ವರ್ಷದಲ್ಲಿ ಅಂಥ ಕೊಂಬು ನೋಡಿರಲಿಲ್ಲವಂತೆ. ಹೊಡೆಯೋಣವೆಂದರೆ ಸರಿಯಾಗಿ ನಡುವೆ ನಾನು, ಕಿತ್ತಳೆ ಬಣ್ಣದಲ್ಲಿ.

ಟ್ರಕ್ಕಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಊಟದ ಮೇಜಿನಲ್ಲಿ ಮಾತ್ರ ಅಜ್ಜ ಹದಿನಾಲ್ಕು ಜನರ ಮುಂದೆ ಎಲ್ಲವನ್ನೂ ಹೇಳಿದ. ನಾನು ಆಲೂಗಡ್ಡೆಯ ತಟ್ಟೆಯೊಳಗೆ ಮುಖ ಹುದುಗಿಸಿದೆ. ಆವತ್ತು ಎಂಟು ಕವಲಿದ್ದ ಕೊಂಬು ಮುಂದಿನ ವರ್ಷ ಹತ್ತಾಯಿತು. ಈಗ ಹನ್ನೆರಡು. ನಾನು ತಿದ್ದಲು ಹೋಗಿಲ್ಲ.

ಆ ಬೇಟೆಯಾದ ಮೇಲಿನ ಮೇ ತಿಂಗಳಲ್ಲಿ ಅಜ್ಜ ಬಾಗಿಲು ತಟ್ಟಿದ. ಅವನ ಹೆಂಡತಿಯ ಹೂವಿನ ಗಿಡಗಳನ್ನು ಜಿಂಕೆಗಳು ಬುಡಸಮೇತ ಮುಗಿಸುತ್ತಿದ್ದವಂತೆ. ಸ್ವಲ್ಪ ಹೊತ್ತು ಹವಾಮಾನ ಮಾತಾಡಿದ. ಆಮೇಲೆ ಗೂಟದ ಕಡೆ ನೋಡಿದ.

"ಆ ಜಾಕೆಟ್ ಬೇಸಿಗೆಯಲ್ಲಿ ನಿನಗೆ ಬೇಕಾಗುವುದಿಲ್ಲ ಅಲ್ವಾ? ಕೋಲಿಗೆ ಸಿಕ್ಕಿಸಿ ತೋಟದಲ್ಲಿ ನಿಲ್ಲಿಸಬೇಕು."

"ಮಳೆ ಬಂದರೆ ವಾಸನೆ ಹೋಗುತ್ತಲ್ಲ?" ಅಂತ ನನ್ನ ಹೆಂಡತಿ ಒಳಗಿನಿಂದ ಕೇಳಿದಳು.

"ಅದನ್ನೂ ಯೋಚನೆ ಮಾಡಿದ್ದೇನೆ" ಅಂದ ಅಜ್ಜ. "ಪ್ರತಿ ಭಾನುವಾರ ತಂದು ನಿಮ್ಮ ಅಡುಗೆಮನೆಯಲ್ಲಿ ನೇತು ಹಾಕುತ್ತೇನೆ. ನೀವು ಒಂದು ಸಾರು ಮಾಡಿದರೆ ಸಾಕು."