ಬಾಣಂತಿಗೆ ತಾಟೆ ಬೇಡ, ಬೂತಾಯಿ ಕೊಡಿ

ನಮ್ಮ ಕರಾವಳಿಯಲ್ಲಿ ಎದೆಹಾಲು ಹೆಚ್ಚಲೆಂದು ಬಾಣಂತಿಗೆ ತಾಟೆ, ಅಂದರೆ ಶಾರ್ಕ್ ಮರಿಯ ಸಾರು ಬಡಿಸುವುದುಂಟು. ನಾನಿರುವ ಅಮೆರಿಕದಲ್ಲಿ ಗರ್ಭಿಣಿಯರೂ ಬಾಣಂತಿಯರೂ ತಿನ್ನಬಾರದ ಮೀನುಗಳ ಸರ್ಕಾರಿ ಪಟ್ಟಿಯಲ್ಲೇ ಶಾರ್ಕ್ ಇದೆ. ನಮ್ಮ ಅಂಜಲ್ ಮೀನಿನ ಹತ್ತಿರದ ಬಂಧು ಕಿಂಗ್ ಮ್ಯಾಕರೆಲ್ ಕೂಡ ಇದೆ. ಈ ವಿಷಯದಲ್ಲಿ ಇಲ್ಲಿನವರ ಮಾತನ್ನೇ ನಾವು ಕೇಳಬೇಕು.

ಕಾರಣ ಮೀಥೈಲ್ ಪಾದರಸ, ಅಂದರೆ ಮೀನಿನ ಮೈಯಲ್ಲಿ ಸೇರುವ, ಮಿದುಳಿಗೆ ವಿಷವಾದ ಪಾದರಸದ ರೂಪ. ಸಣ್ಣ ಮೀನನ್ನು ದೊಡ್ಡದು, ಅದನ್ನು ಇನ್ನೂ ದೊಡ್ಡದು ತಿನ್ನುತ್ತಾ ಹೋದಂತೆ ಅದು ಮೈಯಲ್ಲಿ ಸೇರುತ್ತಲೇ ಹೋಗುತ್ತದೆ. ಇಲ್ಲಿನ ಆಹಾರ, ಔಷಧ ಸಂಸ್ಥೆ ಎಫ್‌ಡಿಎಯ ಅಳತೆಯ ಪ್ರಕಾರ ಕಿಲೋಗೆ ಸರಾಸರಿ ಪಾದರಸ ಶಾರ್ಕ್‌ನಲ್ಲಿ 0.98 ಮಿಲಿಗ್ರಾಂ, ಕಿಂಗ್ ಮ್ಯಾಕರೆಲ್‌ನಲ್ಲಿ 0.73, ಬೂತಾಯಿಯಂಥ ಸಾರ್ಡೀನ್‌ನಲ್ಲಿ 0.013. ಇಲ್ಲಿನ ಪರಿಸರ ಸಂಸ್ಥೆ ಇಪಿಎಯ ಮಿತಿಯಂತೆ 60 ಕಿಲೋ ತೂಕದ ಹೆಂಗಸಿಗೆ ವಾರಕ್ಕೆ 42 ಮೈಕ್ರೋಗ್ರಾಂ, ಅಂದರೆ 0.042 ಮಿಲಿಗ್ರಾಂ. ದೊಡ್ಡ ಶಾರ್ಕ್‌ನ 43 ಗ್ರಾಂ ತುಂಡೊಂದಕ್ಕೇ ವಾರದ ಲೆಕ್ಕ ಮುಗಿಯಿತು. ಸಾರ್ಡೀನ್ 3 ಕಿಲೋ ತಿಂದರೂ ಮುಗಿಯದು. ಮರಿ ತಾಟೆಯಲ್ಲಿ ಪಾದರಸ ಕಡಿಮೆಯೇ, ಆದರೆ ತುಂಡು ಮಾಡಿಟ್ಟ ಮೇಲೆ ಮರಿ ಯಾವುದು, ದೊಡ್ಡದು ಯಾವುದು?

ಹುಣಸೆಹುಳಿ, ಉಪ್ಪು, ಚರ್ಮ ಸುಲಿಯುವುದು ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಪಾದರಸ ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಹುರಿದರೆ ನೀರು ಆರುತ್ತದೆ, ಅದು ಉಳಿಯುತ್ತದೆ. ನಮ್ಮ ದೇಹದಿಂದ ಅರ್ಧ ಇಳಿಯಲು ಸುಮಾರು 50 ದಿನ ಬೇಕು. ಹಾಗಾಗಿ ಬಸಿರು ಗೊತ್ತಾದ ಮೇಲೆ ಬಿಡುವುದಲ್ಲ, ಮಗು ಬೇಕೆಂದುಕೊಂಡಾಗಲೇ ಬಿಡಬೇಕು. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು, ರೋಗಲಕ್ಷಣ ಅಷ್ಟಾಗಿ ಕಾಣದ ತಾಯಂದಿರಿಗೂ ಮಿದುಳಿಗೆ ಪೆಟ್ಟಾದ ಮಕ್ಕಳು ಹುಟ್ಟಿದರು.

ಸಮುದ್ರಾಹಾರದಲ್ಲಿ ಸೇರುವ ಇನ್ನೊಂದು ವಿಷಲೋಹ ಕ್ಯಾಡ್ಮಿಯಂನ ಕಥೆ ಬೇರೆ, ಅದಕ್ಕೆ ನಮ್ಮ ಕೈಯಲ್ಲೇ ಉಪಾಯವಿದೆ. ಬೊಂಡಾಸ್, ಅಂದರೆ ಸ್ಕ್ವಿಡ್‌ನಲ್ಲಿ ಅದು ಹೆಚ್ಚಾಗಿ ಹೊಟ್ಟೆಯೊಳಗಿನ ಜೀರ್ಣಗ್ರಂಥಿಯಲ್ಲಿ ಕೂತಿರುತ್ತದೆ. ಇಡಿಯಾಗಿ ಫ್ರೀಜರ್‌ಗೆ ಹಾಕಿ ಕರಗಿಸಿದರೆ ಗ್ರಂಥಿ ಒಡೆದು ಮಾಂಸಕ್ಕೆ ಇಳಿಯುತ್ತದೆ. ತಾಜಾ ಇದ್ದಾಗಲೇ ತಲೆ ಹಿಡಿದು ಮೆಲ್ಲಗೆ ಎಳೆದು, ಕರುಳು ಒಡೆಯದಂತೆ ಪೂರ್ತಿ ತೆಗೆದು, ತೊಳೆದು, ಆಮೇಲೆ ಫ್ರೀಜರ್‌ಗೆ ಇಡಿ. ಏಡಿಯ ಚಿಪ್ಪಿನೊಳಗಿನ ಕಂದು ಭಾಗವನ್ನೂ ಬೇಯಿಸುವ ಮೊದಲೇ ತೆಗೆದುಬಿಡಿ. ಕ್ಯಾಡ್ಮಿಯಂ ಮೂತ್ರಪಿಂಡ ಸೇರಿದರೆ ಹತ್ತಾರು ವರ್ಷ ಕದಲುವುದಿಲ್ಲ. ಇದು ಜಾಸ್ತಿಯಿದೆ ಎಂದು ಯುರೋಪು ಭಾರತದ ಬೊಂಡಾಸ್ ಸರಕನ್ನು ತಿರಸ್ಕರಿಸಿದ್ದೂ ಉಂಟು.

ಇದನ್ನೆಲ್ಲ ಕೇಳಿ ಬಸುರಿಯರು ಮೀನನ್ನೇ ಬಿಡುವುದು ಇನ್ನೊಂದು ತಪ್ಪು. ಮಗುವಿನ ಮಿದುಳಿಗೆ ಒಮೆಗಾ-3 ಬೇಕು, ಬೂತಾಯಿ ಬಂಗುಡೆಯಲ್ಲಿ ಅದು ಧಾರಾಳ. ಅಮೆರಿಕದ ಸಲಹೆಯೂ ಕಡಿಮೆ ಪಾದರಸದ ಮೀನನ್ನು ವಾರಕ್ಕೆ 2–3 ಸಲ, ಸಲಕ್ಕೆ ಸುಮಾರು 113 ಗ್ರಾಂ ತಿನ್ನಿ ಎನ್ನುತ್ತದೆ. ನಮ್ಮ ತಾಯಿ ಕಾರ್ಡಿನಲ್ಲಿ ಇಂಥ ಪಟ್ಟಿ ಬೂತಾಯಿ, ಸಿಗಡಿ, ತಾಟೆ ಎಂಬ ಊರ ಹೆಸರುಗಳಲ್ಲೇ ಬರಬೇಕು.