ಟೆನ್ ಪರ್ಸೆಂಟ್ ಮಳೆ

ಬೂಟಿನೊಳಗಿನ ಮರಳು ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ನನ್ನ ಸಿಟ್ಟೂ ಹೋಗಿಲ್ಲ. ಮರುಭೂಮಿ ಟ್ರೆಕ್ಕಿಂಗು ಅಂತ ಟೋಪಿ, ಸನ್‌ಸ್ಕ್ರೀನು, ಬೆನ್ನು ಮುರಿಯೋಷ್ಟು ನೀರು ಎಲ್ಲಾ ಹೊತ್ಕೊಂಡು ಹೋದ್ರೆ, ಮಧ್ಯಾಹ್ನದ ಹೊತ್ತಿಗೆ ಎದುರುಗಡೆ ಕರ್ರಗೆ ಮೋಡ ಕಟ್ಟಿಕೊಂಡು ನಿಂತಿತ್ತು.

ಎಲ್ಲಾ ಗುಂಪಲ್ಲೂ ಒಬ್ಬ ಇರ್ತಾನಲ್ಲ, ಆಕಾಶ ತಲೆ ಮೇಲೇ ಇದ್ರೂ ಮಳೆ ಬರುತ್ತಾ ಅಂತ ಮೊಬೈಲಲ್ಲಿ ನೋಡೋನು, ನಮ್ಮಲ್ಲೂ ಇದ್ದ. "ಟೆನ್ ಪರ್ಸೆಂಟ್ ಅಷ್ಟೇ ಕಣೋ, ನಡಿ ನಡಿ." ಅಲ್ಲಿ ನೆಟ್‌ವರ್ಕೇ ಇಲ್ಲ ಮಾರಾಯ, ಬೆಳಿಗ್ಗೆ ಹೊರಡೋವಾಗ ಲೋಡ್ ಆಗಿದ್ದನ್ನೇ ಗಳಿಗೆಗೊಂದ್ಸಲ ಹೊಸದಾಗಿ ಓದ್ತಿದ್ದಾನೆ! ಗುಡುಗಿದ್ರೆ ಟೆನ್ ಪರ್ಸೆಂಟು, ಮಿಂಚಿದ್ರೂ ಟೆನ್ ಪರ್ಸೆಂಟು. ದೂರದಲ್ಲಿ ಮೋಡದಿಂದ ಮಳೆ ಇಳೀತಾ ಇರೋದು ಕಣ್ಣಿಗೇ ಕಾಣ್ತಿತ್ತು, ಆದ್ರೆ ಕೆಳಗಿನ ಒಣಗಾಳಿಗೆ ಅರ್ಧ ದಾರೀಲೇ ಆವಿಯಾಗಿ ಹೋಗ್ತಿತ್ತು. ಇವನಿಗೆ ಅಷ್ಟೇ ಸಾಕು. "ನೋಡಿದ್ಯಾ, ಬಿದ್ರೂ ಬೀಳಲ್ಲ" ಅಂತ ಬಾಯಿ ತೆರೆದ. ಮಳೆ ಹಾಗೆ ಆವಿಯಾಗೋವಾಗ ಗಾಳಿ ತಣ್ಣಗಾಗಿ ಭಾರಕ್ಕೆ ಕೆಳಗೆ ಅಪ್ಪಳಿಸುತ್ತೆ ಅನ್ನೋದು ಆಪಲ್ಲಿ ಇರ್ಲಿಲ್ವೇನೋ, ತೆರೆದ ಬಾಯಿ ಮುಚ್ಚೋ ಮೊದಲೇ ಒಂದು ಹಿಡಿ ಮರಳು ಒಳಗೆ. ಉಗಿದು, ಬಾಯಿ ಒರೆಸ್ಕೊಂಡು, ಸ್ಕ್ರೀನ್ ಮೇಲಿನ ಧೂಳು ಹೆಬ್ಬೆರಳಲ್ಲಿ ಉಜ್ಜಿ ಮತ್ತೆ ನೋಡಿದ. ಹತ್ತೇ ಇತ್ತಂತೆ.

ಆಮೇಲೆ ನೆರಳಿದೆ ಅಂತ ಒಣ ಹಳ್ಳದೊಳಗೆ ಇಳಿದು ಬ್ಯಾಗ್ ತಲೆಗಿಟ್ಟು ಮಲಗೇ ಬಿಟ್ಟ. ಏಳೋ ಪುಣ್ಯಾತ್ಮ, ಗಟ್ಟಿ ನೆಲ ನೀರು ಕುಡಿಯಲ್ಲ, ಎಲ್ಲೋ ಕಿಲೋಮೀಟರ್‌ಗಟ್ಟಲೆ ಆಚೆ ಸುರಿದ್ರೂ ನೀರು ಇದೇ ಹಳ್ಳದಲ್ಲಿ ನುಗ್ಗಿ ಬರುತ್ತೆ, 1997ರ ಆಗಸ್ಟಲ್ಲಿ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ದೂರದಲ್ಲಿ ಬಿದ್ದ ಮಳೆಗೇ 11 ಜನ ಕೊಚ್ಚಿಹೋದ್ರು ಅಂತ ದಡದ ಮೇಲಿಂದ ಕಿರುಚಿದೆ. ಕಣ್ಣೂ ಬಿಡದೆ ಅಂದ, "ಆಗ ಆಪ್ ಇರ್ಲಿಲ್ಲ ಕಣೋ."

ಮುಂದಿನ ಮಿಂಚಿಗೆ ಎಣಿಸಿದೆ. ಒಂಬತ್ತಕ್ಕೆ ಗುಡುಗು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕದಲ್ಲಿ ಮೂರೇ ಕಿಲೋಮೀಟರು, ಅದೂ ಸುತ್ತಮುತ್ತ ಕುರುಚಲು ಗಿಡ ಬಿಟ್ರೆ ಎತ್ತರಕ್ಕೆ ಇರೋದು ನಾವೇ! ಅವನ ಕಾಲು ಹಿಡಿದು ಎಳ್ಕೊಂಡೇ ಬಂದ್ವಿ.

ಓಡ್ತಾ ಇರೋವಾಗ್ಲೇ ನಾಲ್ಕು ದಪ್ಪ ಹನಿ ಬಿತ್ತು ನೋಡಿ. ವರ್ಷಕ್ಕೆ 250 ಮಿಲಿಮೀಟರೂ ಮಳೆ ಕಾಣದ ನೆಲ, ಅದೆಲ್ಲಿ ಬಚ್ಚಿಟ್ಟಿತ್ತೋ ಆ ವಾಸನೆ. ಹೆದರಿಕೆ ಇಲ್ದೇ ಇದ್ದಿದ್ರೆ ಅಲ್ಲೇ ನಿಂತಿರ್ತಿದ್ದೆ. ಅಷ್ಟು ದೂರ ಹೋಗಿ ಅದನ್ನೂ ಓಡ್ತಾ ಓಡ್ತಾ ಮೂಸಬೇಕಾಯ್ತಲ್ಲ ಅಂತ ಈಗ್ಲೂ ಬೇಜಾರು.

ಕಾರು ಸೇರಿ ರಸ್ತೆಗೆ ಬರೋಷ್ಟರಲ್ಲಿ ವೈಪರ್ ಫುಲ್ ಸ್ಪೀಡಲ್ಲಿದ್ರೂ ಮುಂದೇನೂ ಕಾಣ್ತಿಲ್ಲ. ಆಗ ಅವನ ಮೊಬೈಲಿಗೆ ನೆಟ್‌ವರ್ಕ್ ಸಿಕ್ತು, ಟಿಣ್ ಟಿಣ್ ಅಂತ ಅಲರ್ಟ್ ಬಂತು. ಹಿಂದಿನ ಸೀಟಿಂದ ಬಗ್ಗಿ ನನ್ನ ಮೂಗಿಗೇ ಹಿಡಿದ. "ನೋಡು, ನೈಂಟಿ ಪರ್ಸೆಂಟ್ ತೋರಿಸ್ತಿದೆ. ಸುಮ್ನೆ ಆಪ್‌ಗೆ ಬೈತಿದ್ದೆ ನೀನು."